ಸೈಕಲ್ಲಿನ ಪಕ್ಕ ನಡೆದ ಅರ್ಧ ಪೊಲೀಸ್

ನಮ್ಮ ಪೇಟೆ ಬೀದಿಯಲ್ಲಿ ಆಕೆಯನ್ನು 'ಅರ್ಧ ಪೊಲೀಸ್' ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಹುದ್ದೆಯ ಸರಿಯಾದ ಹೆಸರು ನಾಗರಿಕ ಸಹಾಯಾಧಿಕಾರಿ. ಅಷ್ಟುದ್ದದ ಹೆಸರನ್ನು ಪೂರ್ತಿ ಹೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಬೂದು ಅಂಗಿ, ಕಪ್ಪು ಪ್ಯಾಂಟು, ಎದೆಗೆ ಅಡ್ಡಲಾಗಿ ಹಳದಿ ಪಟ್ಟಿ. ದೂರದಿಂದ ನೋಡಿದವರಿಗೆ ಪೊಲೀಸರೇ ಬಂದರು ಎನ್ನಿಸುತ್ತಿತ್ತು. ಹತ್ತಿರ ಬಂದರೆ ಸೊಂಟದಲ್ಲಿ ಲಾಠಿ ಇಲ್ಲ, ಬೇಡಿ ಇಲ್ಲ. ಒಂದು ವಾಕಿಟಾಕಿ, ಒಂದು ನೀರಿನ ಬಾಟಲಿ. ಜನರ ಮುಖ ಅಲ್ಲಿಗೇ ಇಳಿದುಹೋಗುತ್ತಿತ್ತು.

ಇಲಾಖೆಯಲ್ಲಿ ಪೊಲೀಸರು ಸಾಲದು ಎಂದಾಗ ಮೇಲಿನವರು ಕಂಡುಕೊಂಡ ಉಪಾಯ ಈ ಹುದ್ದೆ. ಇವರು ಬೀದಿ ಸುತ್ತಬೇಕು, ನೋಡಬೇಕು, ಕೇಳಬೇಕು, ಠಾಣೆಗೆ ತಿಳಿಸಬೇಕು. ಯಾರನ್ನೂ ತಡೆಯುವಂತಿಲ್ಲ, ಬೆನ್ನಟ್ಟುವಂತಿಲ್ಲ, ಮೈ ಮುಟ್ಟುವಂತಿಲ್ಲ. ಪೊಲೀಸ್ ಬೇಕು ಎಂದು ಕೇಳಿದವರಿಗೆ ಇಂಥವರನ್ನು ಕಳಿಸಿದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟು ನ್ಯಾಯವಾದದ್ದೇ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಆದರೆ ಅದು ಹೋಗಿ ತಗಲುತ್ತಿದ್ದದ್ದು ಉಪಾಯ ಕಂಡುಹಿಡಿದವರಿಗಲ್ಲ, ಬಿಸಿಲಲ್ಲಿ ನಡೆಯುತ್ತಿದ್ದವಳಿಗೆ.

ಕಳ್ಳರು ಔಷಧಿ ಅಂಗಡಿಯ ಬಾಗಿಲು ಮುರಿದಿದ್ದ ಬೆಳಿಗ್ಗೆ ನಡೆದ ಮಾತು ಬೀದಿಯಲ್ಲಿ ಬಹಳ ದಿನ ಓಡಾಡಿತು.

"ಪೊಲೀಸ್ ಕಳಿಸಿ ಅಂತ ಫೋನ್ ಮಾಡಿದ್ದು ನಾನು. ಬಂದದ್ದು ನೀನು" ಎಂದಳು ಅಂಗಡಿಯಾಕೆ.

"ಅವರು ಬರೋವರೆಗೂ ನಾನಿರ್ತೀನಿ ಅಕ್ಕಾ."

"ಇದ್ದು ಏನ್ಮಾಡ್ತೀಯಾ?"

"ಇರ್ತೀನಿ."

ಇದ್ದಳು. ಪೊಲೀಸರು ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಅಲ್ಲಿಯವರೆಗೆ ಒಬ್ಬರೂ ಬಾಗಿಲಿನ ಹತ್ತಿರ ಸುಳಿಯದಂತೆ, ಬೆರಳಚ್ಚು ಅಳಿಸಿಹೋಗದಂತೆ, ಬಂದವರಿಗೆಲ್ಲ ಒಂದೇ ಮಾತನ್ನು ಬೇಸರವಿಲ್ಲದೆ ಹೇಳುತ್ತ ನಿಂತಿದ್ದಳು. ಅಂಗಡಿಯಾಕೆಗೆ ಆ ನಿಂತದ್ದು ನೆನಪಿಲ್ಲ. ಪೊಲೀಸರು ತಡವಾಗಿ ಬಂದದ್ದು ನೆನಪಿದೆ.

ಈ ಕೆಲಸಕ್ಕೆ ಬರುವ ಮೊದಲು ಆಕೆ ಊರಿನ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವವಳಾಗಿದ್ದಳು. ಗಂಡ ಅಲ್ಲೇ ಪ್ರೊಜೆಕ್ಟರ್ ನಡೆಸುತ್ತಿದ್ದ. ಚಿತ್ರಮಂದಿರ ಮುಚ್ಚಿತು. ಗಂಡ ಮನೆಯ ಮುಂಬಾಗಿಲಲ್ಲಿ ಒಂದು ಮೇಜು ಹಾಕಿಕೊಂಡು ಮಿಕ್ಸರ್, ಫ್ಯಾನು ರಿಪೇರಿಗೆ ಕುಳಿತ. ಅದರಲ್ಲಿ ಅರ್ಧ ರಿಪೇರಿ ನೆಂಟರದು, ಬಾಯಿಮಾತಿನ ಥ್ಯಾಂಕ್ಸಿಗೆ. ಹೀಗಾಗಿ ಮನೆ ನಡೆಯುತ್ತಿದ್ದದ್ದು ಆಕೆಯ ಸಂಬಳದಲ್ಲಿ. ಅದೂ ವರ್ಷ ವರ್ಷ ಮುಂದುವರಿಸಬೇಕಾದ ಕೆಲಸ. ಹೆಸರಿಗೆ ಒಂದು ಕಪ್ಪು ಚುಕ್ಕೆ ಬಿದ್ದರೂ ಮುಂದುವರಿಸುವುದಿಲ್ಲ.

ಕತ್ತಲೆಯಲ್ಲಿ ಜನರನ್ನು ನಡೆಸಿದ ಅಭ್ಯಾಸ ಆಕೆಯ ಕಾಲಿನಲ್ಲಿ ಉಳಿದಿತ್ತು. ಯಾರ ಎದುರಿಗೂ ಹೋಗಿ ನಿಲ್ಲುತ್ತಿರಲಿಲ್ಲ. ಪಕ್ಕಕ್ಕೆ ಬಂದು, ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ಮಾತು ಶುರು ಮಾಡುತ್ತಿದ್ದಳು. ಕುಡಿದು ಗಲಾಟೆ ಮಾಡುವವನ ಪಕ್ಕದಲ್ಲಿ ಹಾಗೆಯೇ ಮಾತಾಡುತ್ತ ನಡೆದು ಅವನನ್ನು ಅವನ ಮನೆಯ ಬಾಗಿಲಿಗೆ ಮುಟ್ಟಿಸಿದ್ದನ್ನು ನಾನೇ ನೋಡಿದ್ದೇನೆ. ಒಮ್ಮೆ ಕಾರಣ ಕೇಳಿದೆ.

"ಮುಖಕ್ಕೆ ಟಾರ್ಚ್ ಬಿಟ್ರೆ ಜನ ರೇಗ್ತಾರೆ ಮೇಡಂ. ಕಾಲ ಹತ್ರ ಬಿಟ್ರೆ ಸುಮ್ನೆ ಬರ್ತಾರೆ" ಎಂದಳು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಚಿತ್ರಮಂದಿರದ ಯಾವ ಸಾಲಿನಲ್ಲಿ ಯಾವ ಕುರ್ಚಿ ಮುರಿದಿತ್ತು, ಅದರಲ್ಲಿ ಕುಳಿತು ಬಿದ್ದ ಹೆಡ್‌ಮಾಸ್ಟರು ಏನೆಂದರು, ಎಲ್ಲವನ್ನೂ ಹೇಳಿದಳು. ಆಕೆ ಮಾತು ಶುರುಮಾಡಿದರೆ ಮುಗಿಸುವುದು ಕಷ್ಟ. ಅದು ಆಕೆಯ ದೋಷ. ಠಾಣೆಗೆ ಕೊಡಬೇಕಾದ ವರದಿಯಲ್ಲೂ ಹೀಗೆಯೇ ಬೇಡದ್ದನ್ನೆಲ್ಲ ಬರೆದು ಬೈಸಿಕೊಳ್ಳುತ್ತಿದ್ದಳು.

ಮನೆಯಲ್ಲಿ ಆಕೆಯ ದೊಡ್ಡ ವಕೀಲರೆಂದರೆ ಅತ್ತೆ. ಸೊಸೆಯ ಎದುರಿಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ಆದರೆ ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ "ನಿಮ್ಮ ಸೊಸೆನ ಅರ್ಧ ಪೊಲೀಸ್ ಅಂತಾರಂತಲ್ಲ?" ಎಂದು ಕೆಣಕಿದಾಗ ಬಟ್ಟೆ ಹಿಂಡುತ್ತಿದ್ದ ಮುದುಕಿ ತಲೆ ಎತ್ತದೆ ಉತ್ತರ ಕೊಟ್ಟರು.

"ಅರ್ಧನಾದ್ರೂ ಇದ್ದಾಳಲ್ಲ ತಾಯಿ. ನಿಮ್ಮ ಮಗ ಮುಕ್ಕಾಲು ದಿನ ಮಲಗಿರ್ತಾನೆ, ಉಳಿದ ಕಾಲು ದಿನ ಆಕಳಿಸ್ತಾನೆ."

ಸೈಕಲ್ ಪ್ರಕರಣ ನಡೆದದ್ದು ಒಂದು ಸಾಧಾರಣ ಮುಂಜಾನೆ.

ಪೇಟೆ ಬೀದಿ ಮೇಲಿನಿಂದ ಕೆಳಕ್ಕೆ ಇಳಿಜಾರು. ಮೇಲ್ತುದಿಯಲ್ಲಿ ಸೈಕಲ್ ಅಂಗಡಿ, ಕೆಳತುದಿಯಲ್ಲಿ ಸೇತುವೆ, ನಡುವೆ ಎರಡೂ ಕಡೆ ತರಕಾರಿ ಗಾಡಿಗಳು. ಸೈಕಲ್ ಅಂಗಡಿಯವನು ದಪ್ಪ ಮೀಸೆಯ, ದೊಡ್ಡ ಗಂಟಲಿನ ಮನುಷ್ಯ. ಹೊಸ ಸೈಕಲ್ಲುಗಳನ್ನು ಫುಟ್‌ಪಾತಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದ. ಸರಪಳಿ ಹಾಕಿ ಎಂದು ಆಕೆ ಹೋಗುವಾಗ ಬರುವಾಗ ಹೇಳುತ್ತಿದ್ದಳು.

"ಸರಪಳಿ ಹಾಕೋಕೆ ನನಗೆ ಬರುತ್ತಮ್ಮಾ. ಕಳ್ಳನ್ನ ಹಿಡಿಯೋಕೆ ನಿನಗೆ ಬರುತ್ತಾ?" ಎಂದು ಆತ ಗಿರಾಕಿಗಳ ಕಡೆ ತಿರುಗಿ ನಗುತ್ತಿದ್ದ.

ಆ ದಿನ ಆತನ ಮೆಕ್ಯಾನಿಕ್ ಬಂದಿರಲಿಲ್ಲ. "ಕೆಂಪು ಸೈಕಲ್ಲಿಗೆ ಬ್ರೇಕ್ ವೈರು ಹಾಕ್ದೆ ಹೋಗಿದ್ದೀಯಲ್ಲೋ, ಗಿರಾಕಿ ಬಂದ್ರೆ ಏನು ತೋರಿಸ್ಲಿ?" ಎಂದು ಆತ ಫೋನಿನಲ್ಲಿ ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತ್ತು. ಸ್ವಲ್ಪ ಹೊತ್ತಿಗೆ ಚೌಕುಳಿ ಅಂಗಿಯ ಒಬ್ಬ ಉದ್ದನೆಯ ಯುವಕ ಬಂದ. ಆ ಕೆಂಪು ಸೈಕಲ್ಲಿನ ಸ್ಟ್ಯಾಂಡು ತೆಗೆದ. ತನ್ನದೇ ಎಂಬಂತೆ ನೂಕಿಕೊಂಡು ಹೊರಟ. ಅಂಗಡಿಯವನಿಗೆ ಅರ್ಥವಾಗುವಷ್ಟರಲ್ಲಿ ಅವನು ಔಷಧಿ ಅಂಗಡಿಯವರೆಗೆ ಬಂದಿದ್ದ. ಅಲ್ಲಿ ಆಕೆ ನಿಂತಿದ್ದಳು.

"ಹಿಡೀರಿ! ಕಳ್ಳ! ಏ ಅರ್ಧಾ, ಹಿಡಿಯಮ್ಮಾ!"

ಬೀದಿಯವರೆಲ್ಲ ತಿರುಗಿ ನೋಡಿದರು. ಯುವಕ ಸೈಕಲ್ ಹತ್ತಲು ಕಾಲೆತ್ತಿದ. ಆಕೆ ವಾಕಿಟಾಕಿಯಲ್ಲಿ ಎರಡು ಮಾತು ಹೇಳಿ ಅವನ ಪಕ್ಕಕ್ಕೆ ಬಂದಳು.

"ಹತ್ತಬೇಡಪ್ಪಾ. ಅದಕ್ಕೆ ಬ್ರೇಕ್ ಇಲ್ಲ."

ಯುವಕ ಬ್ರೇಕ್ ಹಿಡಿ ಅದುಮಿ ನೋಡಿದ. ಅದು ಸಡಿಲವಾಗಿ ಹ್ಯಾಂಡಲಿಗೆ ತಾಗಿತು. ಕೆಳಗೆ ಇಳಿಜಾರು, ಗಾಡಿಗಳು, ಗಾಡಿಗಳ ಹಿಂದೆ ಕುಳಿತ ಹೆಂಗಸರು. ಎತ್ತಿದ ಕಾಲನ್ನು ಇಳಿಸಿದ. ಆದರೆ ಸೈಕಲ್ ಬಿಡಲಿಲ್ಲ, ನೂಕಿಕೊಂಡೇ ನಡೆದ. ಆಕೆಯೂ ಪಕ್ಕದಲ್ಲೇ ನಡೆದಳು.

"ನನ್ನನ್ನ ಹಿಡೀತೀಯಾ?" ಎಂದನಂತೆ ಅವನು.

"ಇಲ್ಲಪ್ಪಾ, ನನಗೆ ಆ ಅಧಿಕಾರ ಇಲ್ಲ. ಬಿಟ್ಟು ಓಡೋದಾದ್ರೆ ಓಡು."

"ಮತ್ತೆ ಯಾಕೆ ಬರ್ತಿದ್ದೀಯಾ?"

"ಇದು ನನ್ನ ಬೀದಿ. ದಿನಾ ನಡೀತೀನಿ."

ಅವನು ವೇಗವಾಗಿ ನಡೆದರೆ ಈಕೆಯೂ ವೇಗ. ಅವನು ನಿಧಾನವಾದರೆ ಈಕೆಯೂ ನಿಧಾನ. ಈ ಅಳತೆಯ ಚೈನು ಸಿಗುವುದು ಎಷ್ಟು ಕಷ್ಟ, ಹೊಸ ಟೈರಿನಲ್ಲಿ ಗಾಳಿ ಏಕೆ ನಿಲ್ಲುವುದಿಲ್ಲ, ನಿಮ್ಮ ಮನೆಯಲ್ಲಿ ಯಾರ್‍ಯಾರಿದ್ದಾರೆ, ಬೆಳಿಗ್ಗೆ ಏನಾದರೂ ತಿಂದೆಯಾ. ಆಕೆಯ ಮಾತಿಗೆ ಪೂರ್ಣವಿರಾಮವೇ ಇಲ್ಲ. ಎರಡು ಕಡೆಯ ಅಂಗಡಿಯವರು ಹೊರಗೆ ಬಂದು ನೋಡಿದರು. ಅವನಿಗೆ ಅಡ್ಡ ಬರಲು ಯಾರ ಕೈಯೂ ಬಿಡುವಾಗಿರಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲಿತ್ತು.

ಸೇತುವೆಯ ಬಳಿ ನೀರೆತ್ತುವ ಪಂಪ್‌ಹೌಸಿನ ಮುಂದೆ ಒಂದು ಕಲ್ಲುಬೆಂಚಿದೆ. ಯುವಕ ಅಲ್ಲಿ ಸೈಕಲ್ಲನ್ನು ಗೋಡೆಗೆ ಒರಗಿಸಿ ಕುಳಿತುಬಿಟ್ಟ. ಆಕೆ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು ನೀರಿನ ಬಾಟಲಿ ಕೊಟ್ಟಳು. ಅವನು ಕುಡಿದ. ಪೊಲೀಸ್ ಜೀಪು ಎಂದಿನಂತೆ ನಿಧಾನವಾಗಿ ಬಂತು. ಓಡಬಹುದಿತ್ತಲ್ಲ, ಯಾಕೆ ಕುಳಿತೆ ಎಂದು ಕಾನ್‌ಸ್ಟೇಬಲ್ ಕೇಳಿದಾಗ ಅವನು ಕೈಮುಗಿದು ಹೇಳಿದ: "ಕೂತ್ರೆ ಮಾತು ನಿಲ್ಲಿಸ್ತಾಳೇನೋ ಅಂತ ಕೂತೆ ಸಾರ್. ನಿಲ್ಲಿಸ್ಲಿಲ್ಲ."

ಸೈಕಲ್ ಸಿಕ್ಕಿತು. ಇಲ್ಲಿಗೆ ಮುಗಿಯಬೇಕಿತ್ತು.

ಆದರೆ ಆ ವಿಡಿಯೋ ಊರೆಲ್ಲ ಸುತ್ತಿತು. ಅದರಲ್ಲಿ ಕಾಣುವುದು ಇಷ್ಟೇ: ಹಳದಿ ಪಟ್ಟಿಯ ಹೆಂಗಸು ಮತ್ತು ಕಳ್ಳ, ಮದುವೆ ಮನೆಯಿಂದ ಒಟ್ಟಿಗೆ ಹಿಂದಿರುಗುವ ನೆಂಟರಂತೆ, ಹರಟುತ್ತ ಹೋಗುತ್ತಿದ್ದಾರೆ. ಕೊನೆಯಲ್ಲಿ ನೀರಿನ ಉಪಚಾರ ಬೇರೆ. ಬೀದಿಯ ಅಂಗಡಿಯವರ ಮೈ ಉರಿದುಹೋಯಿತು. ತಮ್ಮ ಪೇಟೆಯನ್ನು ಊರೇ ನೋಡಿ ನಕ್ಕಿತು ಎಂಬ ಅವಮಾನ ಅವರದು. ಇಂಥ ಕೆಲಸಕ್ಕೆ ಬಾರದವರನ್ನು ತೆಗೆದು ನಿಜವಾದ ಪೊಲೀಸರನ್ನು ಹಾಕಿ ಎಂದು ಎಲ್ಲರೂ ಸಹಿ ಮಾಡಿ ದೂರು ಕೊಟ್ಟರು. ಸೈಕಲ್ ಅಂಗಡಿಯವನದು ಮೊದಲ ಸಹಿ.

ಅದೇ ಹೊತ್ತಿಗೆ ಠಾಣೆಯ ಇನ್‌ಸ್ಪೆಕ್ಟರಿಗೂ ಅವಮಾನ ತಟ್ಟಿತು. ಠಾಣೆಯ ಮಾನ ಉಳಿಸಲು ಆತ ಪತ್ರಿಕೆಯವರನ್ನು ಕರೆದು, ನಮ್ಮ ಸಹಾಯಾಧಿಕಾರಿ ಕಳ್ಳನನ್ನು ಬೆನ್ನಟ್ಟಿ, ತಡೆದು, ಹಿಡಿದು ನಿಲ್ಲಿಸಿದರು ಎಂದು ಹೇಳಿಕೆ ಕೊಟ್ಟ. ಮರುದಿನ ಅದು ಹಾಗೆಯೇ ಅಚ್ಚಾಯಿತು. ಬೆನ್ನಟ್ಟುವುದು, ತಡೆಯುವುದು, ಹಿಡಿಯುವುದು: ಈ ಹುದ್ದೆಯವರು ಮಾಡಬಾರದ ಮೂರೂ ಕೆಲಸ ಒಂದೇ ವಾಕ್ಯದಲ್ಲಿತ್ತು. ಇನ್‌ಸ್ಪೆಕ್ಟರಿಗೆ ಅದು ಹೊಗಳಿಕೆ. ಮೇಲಿನ ಕಚೇರಿಗೆ ಅದು ಆರೋಪ.

ಹೀಗಾಗಿ ಆಕೆಯ ಮೇಲೆ ಎರಡು ದೂರುಗಳು ಬಿದ್ದವು. ಏನೂ ಮಾಡಲಿಲ್ಲ ಎಂದು ಬೀದಿಯವರದು, ಮಾಡಬಾರದ್ದನ್ನು ಮಾಡಿದಳು ಎಂದು ಇಲಾಖೆಯದು. ಮೊದಲನೆಯದರಿಂದ ಆಕೆಯನ್ನು ಬೇರೆ ಬೀದಿಗೆ ಹಾಕಬಹುದಿತ್ತು, ಅಷ್ಟೇ. ಎರಡನೆಯದು ರುಜುವಾತಾದರೆ ಕೆಲಸವೇ ಹೋಗುತ್ತಿತ್ತು.

ಮನೆಯಲ್ಲಿ ಗಂಡ ಸ್ಕ್ರೂಡ್ರೈವರ್ ಕೆಳಗಿಟ್ಟು ಹೇಳಿದ: "ಕಳ್ಳನ ಜೊತೆ ನಾನು ಹೋಗ್ಲೇ ಇಲ್ಲ, ಅವನೇ ನನ್ನ ಹಿಂದೆ ಬಂದ ಅಂದುಬಿಡು."

"ಊರೆಲ್ಲ ವಿಡಿಯೋ ನೋಡಿದೆ ಕಣ್ರೀ."

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಬೇರೆ ದಾರಿ ತೋರಿಸಿದ. "ಹೌದು, ಹಿಡಿದೆ, ಆವೇಶದಲ್ಲಿ ತಪ್ಪಾಯ್ತು ಅನ್ನಿ. ಕ್ಷಮೆ ಕೇಳಿ. ಜನಕ್ಕೂ ಖುಷಿ, ನನ್ನ ಮಾತೂ ಉಳಿಯುತ್ತೆ."

"ಹಿಡೀಲಿಲ್ವಲ್ಲ ಸಾರ್."

"ಅದು ನನಗೂ ಗೊತ್ತಮ್ಮಾ!"

ಅತ್ತೆ ಮಾತ್ರ ಸುಳ್ಳು ಹೇಳಿಕೊಡಲಿಲ್ಲ. "ನೀನು ಬಾಯಿ ಬಿಟ್ರೆ ಮುಚ್ಚಲ್ಲ. ಅಲ್ಲಿ ಹೋಗಿ ಕೇಳಿದ್ದಕ್ಕೆ ಮಾತ್ರ ಹೇಳು" ಎಂದು ಆಕೆಯ ಬೂದು ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟರು.

ವಿಚಾರಣೆ ಪೇಟೆ ಬೀದಿಯ ಕೆಳತುದಿಯಲ್ಲಿರುವ ವಾರ್ಡ್ ಕಚೇರಿಯ ಮಹಡಿಯಲ್ಲಿ ನಡೆಯಿತು. ಇಂಥ ದೂರುಗಳನ್ನು ಕೇಳುವಾಗ ಸಾರ್ವಜನಿಕರ ಕಡೆಯಿಂದ ಒಬ್ಬರು ಕೂರಬೇಕೆಂಬ ನಿಯಮವಿದೆ. ಕಾನೂನು ಕಾಲೇಜಿನಿಂದ ನಿವೃತ್ತಳಾದ ಮೇಲೆ ಆ ಕುರ್ಚಿಯಲ್ಲಿ ಕೂರುತ್ತಿದ್ದವಳು ನಾನು. ಉದ್ದನೆಯ ಮೇಜು, ಟಕಟಕ ಎನ್ನುವ ಫ್ಯಾನು, ಕಿಟಕಿಯ ಮೇಲೆ ಪಾರಿವಾಳಗಳು. ನಡುವಿನ ಕುರ್ಚಿಯಲ್ಲಿ ಮೇಲಿನ ಕಚೇರಿಯಿಂದ ಬಂದ ಅಧಿಕಾರಿ; ಒಣಗಿದ ಮುಖದ, ಚುಟುಕು ಮಾತಿನ ಮನುಷ್ಯ. ಇನ್‌ಸ್ಪೆಕ್ಟರ್ ಮೂಲೆಯಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಹಿಂದಿನ ಬೆಂಚುಗಳಲ್ಲಿ ಅರ್ಧ ಪೇಟೆಯೇ ಬಂದು ಕುಳಿತಿತ್ತು.

ಅಧಿಕಾರಿ ಮೊದಲು ಆಕೆಯನ್ನು ಕೇಳಿದರು.

"ಕಳ್ಳನನ್ನು ತಡೆದಿರಾ?"

"ಇಲ್ಲ ಸಾರ್. ಬ್ರೇಕ್ ಇಲ್ಲ ಅಂತ ಹೇಳಿದೆ."

"ಕಳ್ಳನಿಗೆ ಸೈಕಲ್ಲಿನ ದೋಷ ಹೇಳುವುದು ನಿಮ್ಮ ಕೆಲಸವೇ?"

"ಕೆಳಗೆ ತರಕಾರಿ ಮಾರೋರು ಕೂತಿದ್ರು ಸಾರ್."

ಇನ್ನೂ ಹತ್ತು ಮಾತು ಗಂಟಲಿಗೆ ಬಂದದ್ದು ಕಂಡಿತು. ನುಂಗಿಕೊಂಡಳು.

ಅಧಿಕಾರಿ ಪತ್ರಿಕೆಯ ತುಣುಕನ್ನು ಮುಂದಿಟ್ಟರು. "ನಿಮ್ಮ ಠಾಣೆಯೇ ಬೆನ್ನಟ್ಟಿ ಹಿಡಿದರು ಅನ್ನುತ್ತಿದೆ. ವಿಡಿಯೋ ಬಂದಿರುವುದು ತುಂಡು ತುಂಡಾಗಿ. ಶುರುವಿನಲ್ಲಿ ಏನಾಯಿತು ಎನ್ನುವುದು ಯಾವುದರಲ್ಲೂ ಇಲ್ಲ. ನೀವು ಅವನ ಕೈ ಹಿಡಿಯಲಿಲ್ಲ ಎನ್ನುವುದಕ್ಕೆ ನಿಮ್ಮ ಪರವಾಗಿ ಸಾಕ್ಷಿ ಯಾರಿದ್ದಾರೆ?"

ಆಕೆ ಹಿಂದಿನ ಬೆಂಚುಗಳ ಕಡೆ ಒಮ್ಮೆ ನೋಡಿದಳು. ಅವರೆಲ್ಲ ಬಂದದ್ದು ಆಕೆಯನ್ನು ಓಡಿಸಲು.

"ಯಾರೂ ಇಲ್ಲ ಸಾರ್."

"ಹಾಗಿದ್ದರೆ ದೂರು ಕೊಟ್ಟವರು ಹೇಳಲಿ."

ಸೈಕಲ್ ಅಂಗಡಿಯವನು ಮೀಸೆ ಸವರಿಕೊಂಡು ಎದ್ದ. ಆತ ಈ ಗಳಿಗೆಗಾಗಿ ಅಂಗಡಿ ಬಿಟ್ಟು ಬಂದಿದ್ದ.

"ಸ್ವಾಮಿ, ನನ್ನ ಕಣ್ಣಾರೆ ಕಂಡದ್ದು ಹೇಳ್ತೀನಿ. ಕಳ್ಳ ಇವಳ ಮೂಗಿನ ಕೆಳಗೆ ಹೋದ. ಇವಳು ಒಂದು ಬೆರಳು ಅಲ್ಲಾಡಿಸಿದ್ರೆ ಕೇಳಿ!"

"ಕೈ ಹಿಡಿಯಲಿಲ್ಲವೇ?" ಎಂದು ನಾನು ಕೇಳಿದೆ.

"ಎಲ್ಲಿಂದ ಬಂತು ಮೇಡಂ! ಅಂಗಿ ಚುಂಗೂ ಮುಟ್ಲಿಲ್ಲ. ಹಿಡಿ ಹಿಡಿ ಅಂತ ನನ್ನ ಗಂಟಲು ಹರೀತು."

"ಅಡ್ಡ ನಿಂತು ತಡೆದಳೇ?"

"ಅಡ್ಡಾನೂ ಇಲ್ಲ ಉದ್ದಾನೂ ಇಲ್ಲ. ಪಕ್ಕದಲ್ಲಿ, ಅವನ ಅತ್ತೆ ಮಗಳ ಹಾಗೆ, ಮಾತಾಡ್ಕೊಂಡು ಹೋದ್ಲು!"

ಹಿಂದಿನಿಂದ ಔಷಧಿ ಅಂಗಡಿಯಾಕೆ ತಡೆಯಲಾರದೆ ಎದ್ದಳು. "ಬಿಟ್ಟು ಓಡೋದಾದ್ರೆ ಓಡು ಅಂತ ಇವಳೇ ಹೇಳಿದ್ದು ಸಾರ್. ನನ್ನ ಅಂಗಡಿ ಮುಂದೇನೇ. ಕಳ್ಳನಿಗೆ ಓಡು ಅಂತ ಹೇಳೋ ಪೊಲೀಸ್ ಎಲ್ಲಾದ್ರೂ ಉಂಟಾ?"

ಅಧಿಕಾರಿ ಬರೆಯುತ್ತಿದ್ದ ಪೆನ್ನನ್ನು ನಿಲ್ಲಿಸಿದರು. "ಓಡು ಎಂದರಾ? ಸರಿಯಾಗಿ ಕೇಳಿಸಿತಾ?"

"ನನ್ನ ಕಿವಿ ಸರಿಯಾಗಿದೆ ಸಾರ್. ನನಗೆ ಅಧಿಕಾರ ಇಲ್ಲ ಅಂತಲೂ ಹೇಳಿದ್ಲು. ನಾಚಿಕೆ ಬೇಡ್ವಾ?"

"ಬೆನ್ನಟ್ಟಿದಳು ಎಂದು ಪತ್ರಿಕೆಯಲ್ಲಿದೆಯಲ್ಲ" ಎಂದೆ.

ಬೆಂಚುಗಳಿಂದ ನಗು ಎದ್ದಿತು. ಸೈಕಲ್ ಅಂಗಡಿಯವನಿಗೆ ಇನ್ನಷ್ಟು ಹುರುಪು ಬಂತು. "ಬೆನ್ನಟ್ಟೋದಾ? ಇವಳಾ? ಸುಳ್ಳು ಮೇಡಂ, ಶುದ್ಧ ಸುಳ್ಳು. ಇಡೀ ಬೀದಿ ಹೇಳುತ್ತೆ. ಒಂದು ಹೆಜ್ಜೆ ಓಡಿದ್ದರೆ ನನ್ನ ಮೀಸೆ ಬೋಳಿಸಿ!"

"ಹೌದು, ಹೌದು. ಏನೂ ಮಾಡ್ಲಿಲ್ಲ" ಎಂದು ಬೆಂಚುಗಳು ಒಕ್ಕೊರಲಿನಲ್ಲಿ ಹೇಳಿದವು. ಅಧಿಕಾರಿ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಮುಟ್ಟಲಿಲ್ಲ, ತಡೆಯಲಿಲ್ಲ, ಓಡಲಿಲ್ಲ. ಒಬ್ಬರಿಗಿಂತ ಒಬ್ಬರು ಖಚಿತವಾಗಿ ಹೇಳಿದರು. ಇನ್‌ಸ್ಪೆಕ್ಟರ್ ಟೋಪಿಯ ಒಳಭಾಗವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

ಆ ಹೊತ್ತಿನಲ್ಲಿ ಆಕೆ ಮಾಡಿದ್ದನ್ನು, ಅಥವಾ ಮಾಡದೆ ಇದ್ದದ್ದನ್ನು, ನಾನು ಮೆಚ್ಚಿಕೊಂಡೆ. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಬೈಗುಳ ಕೇಳಿಸಿಕೊಳ್ಳುವಾಗ ಬೀದಿಯಲ್ಲಿ ಹೇಗೆ ನಿಲ್ಲುತ್ತಿದ್ದಳೋ ಹಾಗೆಯೇ ನಿಂತಿದ್ದಳು. ಅಧಿಕಾರ ಕೊಟ್ಟರೆ ಒಳ್ಳೆಯ ಕೆಲಸ ಮಾಡುತ್ತೇನೆ ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಂಥವರಿಗೆ ಪಾಠವನ್ನೂ ಮಾಡಿದ್ದೇನೆ. ಈಕೆಗೆ ಕೊಟ್ಟದ್ದು ಬರೀ ಬೇಡಗಳ ಪಟ್ಟಿ. ಅದರಲ್ಲಿ ಒಂದನ್ನೂ ಮೀರದೆ, ಸೈಕಲ್ ಉಳಿಸಿ, ಗಾಡಿಯ ಹೆಂಗಸರನ್ನು ಉಳಿಸಿ, ಆ ಯುವಕನ ಮೂಳೆಗಳನ್ನೂ ಉಳಿಸಿದ್ದಳು. ಮೂರನೆಯದು ಆಕೆಯ ಕರ್ತವ್ಯದಲ್ಲಿ ಇರಲಿಲ್ಲ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು.

"ಬೆನ್ನಟ್ಟಿಲ್ಲ, ತಡೆದಿಲ್ಲ, ಮುಟ್ಟಿಲ್ಲ. ದೂರುದಾರರೇ ಸಾಕ್ಷಿ. ಅಧಿಕಾರ ಮೀರಿದ ಆರೋಪ ಬಿದ್ದುಹೋಯಿತು. ಏನೂ ಮಾಡಲಿಲ್ಲ ಎಂಬ ದೂರಿಗೆ ಬಂದರೆ, ಠಾಣೆಗೆ ತಿಳಿಸಿದ್ದಾರೆ, ಜೀಪು ಬರುವವರೆಗೆ ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದಾರೆ. ಅವರ ಕೆಲಸ ಅದೇ. ಪತ್ರಿಕೆಗೆ ಹೇಳಿಕೆ ಕೊಟ್ಟವರ ಹತ್ತಿರ ನಾನು ಬೇರೆಯಾಗಿ ಮಾತಾಡಬೇಕು." ಎಂದು ಹೇಳಿ ನನ್ನ ಕಡೆ ನೋಡಿದರು. ನಾನು ಒಪ್ಪಿಗೆ ಬರೆದೆ. ಈ ಬೀದಿಗೆ ಒಬ್ಬ ಕಾನ್‌ಸ್ಟೇಬಲ್ ಬೇಕೆಂದು ಜನ ಕೇಳುವುದರಲ್ಲಿ ತಪ್ಪಿಲ್ಲ ಎಂದೂ ಅದರ ಕೆಳಗೆ ಸೇರಿಸಿದೆ. ಆ ಕಾನ್‌ಸ್ಟೇಬಲ್ ಇನ್ನೂ ಬಂದಿಲ್ಲ.

ಕೆಲಸ ಉಳಿಯಿತು ಎಂಬುದು ಆಕೆಗೆ ಆ ಕ್ಷಣಕ್ಕೇ ಹೊಳೆದಿರಬೇಕು. ಕುರ್ಚಿಯ ಬೆನ್ನನ್ನು ಒಮ್ಮೆ ಗಟ್ಟಿಯಾಗಿ ಹಿಡಿದುಕೊಂಡು ಬಿಟ್ಟಳು. ಸೈಕಲ್ ಅಂಗಡಿಯವನಿಗೆ ಹೊಳೆದದ್ದು ಮೆಟ್ಟಿಲು ಇಳಿಯುವಾಗ. ನಡುವೆ ನಿಂತುಬಿಟ್ಟ. ಹಿಂದೆ ಬರುತ್ತಿದ್ದವರೆಲ್ಲ ಅವನಿಗೆ ಡಿಕ್ಕಿ ಹೊಡೆದು ನಿಂತರು.

"ಅಲ್ಲಮ್ಮಾ, ನಿನ್ನ ವಿರುದ್ಧ ಹೇಳೋಕೆ ಅಂತ ಬಂದವನು ನಾನು."

"ಗೊತ್ತಣ್ಣಾ."

"ಮತ್ತೆ ಇದೇನಾಯ್ತು?"

"ನೀವು ನಿಜ ಹೇಳಿದ್ರಿ."

ಔಷಧಿ ಅಂಗಡಿಯಾಕೆ ಮೊದಲು ನಕ್ಕಳು. "ಏನಯ್ಯಾ, ಮೀಸೆ ಪಣಕ್ಕಿಟ್ಟು ಅವಳ ಕೆಲಸ ಉಳಿಸಿಕೊಟ್ಟೆಯಲ್ಲ!" ಎಂದಳು. ತಾನೂ ಅದನ್ನೇ ಮಾಡಿದ್ದು ಆಕೆಗೆ ಇನ್ನೂ ತಿಳಿದಿರಲಿಲ್ಲ.

ಆತನ ಮುಖ ಬಿಗಿಯಿತು. ಆಗ ಹಳದಿ ಪಟ್ಟಿಯಾಕೆ ಕೇಳಿದಳು: "ಅಣ್ಣಾ, ಅಂಗಡಿ ಬಾಗಿಲು ಹಾಕಿ ಬಂದ್ರಾ?"

"ಹಾಕಿದ್ದೀನಿ."

"ಹೊರಗಿನ ಸೈಕಲ್ಲುಗಳಿಗೆ ಸರಪಳಿ?"

ಆತನ ಕೈ ಸರಪಳಿಯ ಕೀಲಿಗೆಂದು ತಾನಾಗಿ ಜೇಬಿಗೆ ಹೋಯಿತು, ಖಾಲಿ ಬಂತು. ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು, ಬೀದಿಯ ಏರನ್ನು ಹತ್ತತೊಡಗಿದ. ನಾನು ಮಹಡಿಯ ಕಿಟಕಿಯಿಂದ ನೋಡಿದೆ. ಹಳದಿ ಪಟ್ಟಿ ಆತನ ಪಕ್ಕದಲ್ಲಿತ್ತು. ಮಾತು ಶುರುವಾಗಿತ್ತು. ಬೆಳಗಿನಿಂದ ತಡೆದಿಟ್ಟದ್ದೆಲ್ಲ ಹೊರಗೆ ಬರುತ್ತಿರಬೇಕು. ಏರಿನ ನಡುವೆ ಆತ ನಿಂತು ಎರಡೂ ಕೈ ಎತ್ತಿ ಕೂಗಿದ್ದು ಇಲ್ಲಿಗೂ ಕೇಳಿಸಿತು.

"ಮಾರಾಯ್ತಿ, ಮಾತು ನಿಲ್ಲಿಸ್ತೀಯಾ?"

"ಸರಪಳಿ ಹಾಕಿದ ಮೇಲೆ ನಿಲ್ಲಿಸ್ತೀನಿ ಅಣ್ಣಾ."

ಆತ ಹೆಜ್ಜೆ ಬೇಗ ಹಾಕಿದ. ಆಕೆಯೂ ಬೇಗ ಹಾಕಿದಳು.